ಮನೆಯಿಲ್ಲದವರಿಗೆ ಎಡೆ

“ಹುಚ್ಚಮುಂಡೆಗೆ ರೂಮು ಕೊಡಾಕೆ ನಾನೇನು ಹುಚ್ಚುಸೂಳೆಮಗನಾ? ಕರ್ಕಂಡು ಹೋಗು ಆಚೆಗೆ!”

ಲಿಯಾವ್ ಧಣಿ ಬೈದದ್ದು ಮನೆಯಿಲ್ಲದವರಿಗೆ ಸೂರು ಹುಡುಕಿಕೊಡುವ ಸಂಘದ ಬಿಜೆನ್‌ಳನ್ನು. ಬಿದ್ದದ್ದು ಮಾತ್ರ ಅವಳ ಹಿಂದೆ, ಮೆಟ್ಟಿಲ ಮೇಲೆ ಗಂಟು ತಬ್ಬಿ ನಿಂತಿದ್ದ ಯುವೆಲಾನ್‌ಳ ಮೈಮೇಲೆ. ಹಲಗೆ ಹೊಡೆದು ಪಾಲು ಮಾಡಿದ ಕೋಣೆ ಅದು. ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲ. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಯುವೆಲಾನ್‌ಳ ಕಣ್ಣು ಆ ಚಿಲಕ ಬಿಟ್ಟು ಕದಲಿರಲಿಲ್ಲ.

ಗುಳಿಗೆ ನುಂಗಿದರೆ ಅವಳ ಕಿವಿಯೊಳಗಿನ ಹೆಂಗಸು ಬಯ್ಯುವುದನ್ನು ನಿಲ್ಲಿಸುತ್ತಾಳೆ. ಗುಳಿಗೆ ನುಂಗಿದರೆ ಸತ್ತ ಹಾಗೆ ನಿದ್ದೆಯೂ ಬರುತ್ತದೆ. ತೈಪೆಯ ದೇವಸ್ಥಾನದ ಎದುರು ಪಾರ್ಕಿನಲ್ಲಿ ಹಾಗೆ ನಿದ್ದೆ ಹೋದ ಹೆಂಗಸಿನ ಹೊದಿಕೆಗೆ ಯಾರು ಯಾರು ಕೈ ಹಾಕುತ್ತಾರೆಂದು ಅಲ್ಲಿ ಮಲಗಿದವರಿಗೇ ಗೊತ್ತು. ಅದಕ್ಕೇ ಗುಳಿಗೆಯೆಲ್ಲ ಗಂಟಿನಲ್ಲೇ ಉಳಿದಿದ್ದವು.

“ಹಂಗನ್ಬ್ಯಾಡಿ ಧಣಿ. ಬಾಡಿಗೆ ನಮ್ ಸಂಘದೋರು ಕಟ್ತಾರೆ. ನಾನೇ ಬಂದು ನೋಡ್ಕಂತೀನಿ. ಮೊನ್ನೆ ನೀವೇ ಹೂಂ ಅಂದಿದ್ರಲ್ಲ?”

“ಒಂಟಿ ಹೆಂಗ್ಸು ಅಂದೆ, ಹುಚ್ಚಿ ಅಂದ್ಯಾ? ಒಳಗೆ ಚಿಲಕ ಹಾಕ್ಕಂಡು ನೇಣು ಬಿಗ್ಕಂಡ್ರೆ? ಹೆಣ ಬಿದ್ದ ಮನೆ ಅಂದ್ರೆ ನಾಯೀನೂ ಮೂಸಾಕಿಲ್ಲ. ಅದೂ ಸತ್ತೋರು ಬೀದಿಗೆ ಬರೋ ಏಳನೇ ತಿಂಗಳಲ್ಲಿ ತಂದವ್ಳೆ ಪೀಡೇನ! ಸಾಯೋದಿದ್ರೆ ಪಾರ್ಕಲ್ಲೇ ಸಾಯಾಕೇಳು.”

“ನಾನ್ಯಾಕೆ ಸಾಯ್ಲಿ? ಮಲಗಾಕೆ ಬಂದಿದ್ದು” ಎಂದಳು ಯುವೆಲಾನ್.

“ಬಾಯಿ ಬೇರೆ ಕೇಡು ಇದಕ್ಕೆ!”

ಗಂಟಿಗೆ ಜಾಡಿಸಿ ಒದ್ದ. ತಟ್ಟೆ, ಚಪ್ಪಲಿ, ಗುಳಿಗೆ ಎಲ್ಲ ಮೆಟ್ಟಿಲುದ್ದಕ್ಕೂ ಉರುಳಿದವು. ಕೆಳಗಿನ ಮಹಡಿಯ ಬಾಗಿಲೊಂದು ತೆರೆದು, ನೋಡಿ, ಮುಚ್ಚಿಕೊಂಡಿತು.

ಬಿಜೆನ್ ಬಗ್ಗಿ ಬಗ್ಗಿ ಆರಿಸಿದಳು. ಅವಳೂ ಒಂದು ಕಾಲಕ್ಕೆ ಅದೇ ಪಾರ್ಕಿನಲ್ಲಿ ಮಲಗಿ ಎದ್ದವಳೇ. ಈಗ ಸಂಘದ ನೀಲಿ ಅಂಗಿ ತೊಟ್ಟ ಮೇಲೆ ಬೈಗುಳ ನುಂಗುವುದೂ ಸಂಬಳದ ಕೆಲಸವಾಗಿತ್ತು.

“ನಡಿ ಅಕ್ಕಾ, ಬ್ಯಾರೆ ಕಡೆ ನೋಡಾನ.”

“ಇದೂ ಬ್ಯಾರೆ ಕಡೇನೇ ಅಲ್ವೇನೇ?”

ಬಿಜೆನ್ ಗಂಟು ಕಟ್ಟಿ ಅವಳ ಕೈಗಿಟ್ಟಳು.

ಕೆಳಗೆ ಬೀದಿ ತುಂಬ ಮೇಜು ಹಾಕಿದ್ದರು. ಸತ್ತವರ ಲೋಕದ ಬಾಗಿಲು ತೆರೆಯುವ ತಿಂಗಳು. ಹೆತ್ತವರು ಹುಟ್ಟಿದವರು ಇಲ್ಲದ ಹಸಿದ ಜೀವಗಳು ಬೀದಿಗೆ ಬರುತ್ತವೆಂದು ಮನೆಮನೆಯ ಮುಂದೂ ಎಡೆ. ಲಿಯಾವ್ ಮನೆಯದು ಎಲ್ಲಕ್ಕಿಂತ ಉದ್ದ. ಇಡೀ ಕೋಳಿ, ಕರಿದ ಮೀನು, ಅನ್ನದ ಪಾತ್ರೆ, ಅನಾನಸು, ಬಿಯರು. ಒಂದೊಂದಕ್ಕೂ ಒಂದೊಂದು ಊದುಬತ್ತಿ ಚುಚ್ಚಿತ್ತು. ಪಕ್ಕದ ಸ್ಟೂಲಿನ ಮೇಲೆ ಬೋಗುಣಿಯಲ್ಲಿ ನೀರು, ಹೊಸ ಟವೆಲು, ಬಾಚಣಿಗೆ. ದೂರದಿಂದ ಬಂದ ಸತ್ತವರು ಮುಖ ತೊಳೆಯಬೇಡವೇ?

ಲಿಯಾವ್ ಇಸ್ತ್ರಿ ಅಂಗಿ ತೊಟ್ಟು ಇಳಿದು ಬಂದ. ಊದುಬತ್ತಿ ಹಿಡಿದು ನಡು ಬಗ್ಗಿಸಿದ. ಅದೇ ಬಾಯಿಗೆ ಈಗ ಬೆಲ್ಲ ಸವರಿತ್ತು.

“ದಿಕ್ಕಿಲ್ಲದ ಅಣ್ಣಂದಿರಾ, ಅಕ್ಕಂದಿರಾ, ಮನೆಮಠ ಇಲ್ದೆ ಅಲೀತಿರೋ ದೊಡ್ಡ ಜೀವಗಳಾ! ದಣಿದು ಬಂದಿದ್ದೀರಿ. ಮುಖ ತೊಳ್ಕಳಿ, ಹೊಟ್ಟೆ ತುಂಬ ಉಣ್ಣಿ. ಸಂಕೋಚ ಬ್ಯಾಡಿ, ನಿಮ್ಮನೆ ಅಂತ ತಿಳ್ಕಳಿ.”

ಯುವೆಲಾನ್ ನಿಂತಳು. ಕಿವಿಯೊಳಗಿನ ಹೆಂಗಸು ಓಡು ಓಡು ಎಂದು ಅರಚಿದಳು. “ಸುಮ್ಕಿರೇ, ಕರೀತಾವ್ರೆ” ಎಂದು ಗದರಿ ಗಂಟು ಇಳಿಸಿದಳು. ಬೋಗುಣಿಗೆ ಕೈ ಹಾಕಿ ಮುಖ ತೊಳೆದಳು, ಕತ್ತು ತೊಳೆದಳು, ಕಾಲ್ಬೆರಳ ಸಂದಿಯನ್ನೂ ತೊಳೆದಳು. ನೀರು ಕಪ್ಪಾಯಿತು. ಹೊಸ ಟವೆಲಿನಲ್ಲಿ ಒರೆಸಿಕೊಂಡು ಮೇಜಿನ ಮುಂದೆ ಕೂತು ಮೀನಿಗೆ ಚುಚ್ಚಿದ್ದ ಊದುಬತ್ತಿ ಕಿತ್ತು ಪಕ್ಕಕ್ಕಿಟ್ಟಳು.

“ಏಯ್! ಏನೇ ಮಾಡ್ತಿದ್ದೀಯಾ ಮುಂಡೆ!”

“ಕರೆದ್ಯಲ್ಲ ಸ್ವಾಮಿ.”

“ನಿನ್ನಲ್ಲ ಕಣೇ, ಸತ್ತೋರ್ನ!”

“ಈಗ್ತಾನೆ ಮ್ಯಾಲೆ ನೇಣು ಹಾಕಿ ಸಾಯಿಸಿದ್ಯಲ್ಲ ನನ್ನ. ಆಗ್ಲೇ ಮರ್ತ್ಯಾ?”

ಲಿಯಾವ್ ಪೊರಕೆ ಎತ್ತಿದ. ಪಕ್ಕದ ನಾರುಬೇರಿನ ಔಷಧಿ ಅಂಗಡಿಯ ಮುದುಕಿ ಓಡಿಬಂದು ಅವನ ಕೈ ಹಿಡಿದಳು. “ಬತ್ತಿ ಇನ್ನೂ ಉರೀತೈತೆ ಕಣಯ್ಯ! ಎಡೆ ಮುಂದೆ ಪೊರಕೆ ಎತ್ತೀಯಾ? ಅವ್ರು ಮುನಿಸ್ಕಂಡ್ರೆ ಬೀದಿಗೇ ಕೇಡು.”

ಸತ್ತವರಿಗೆ ಹೆದರಿ ಪೊರಕೆ ಇಳಿಯಿತು. ಅವನು ಬಿಜೆನ್ ಕಡೆ ತಿರುಗಿದ. “ಕೋಲೆಬಸವನಂಗೆ ನಿಂತಿದ್ದೀಯಲ್ಲೇ, ಎಳ್ಕಂಡು ಹೋಗು! ನಿಮ್ ಸಂಘಕ್ಕೆ ಹೇಳಿ ನಿನ್ ಅನ್ನ ಕಿತ್ತಾಕ್ತೀನಿ ನೋಡು!”

ತಪ್ಪಾಯ್ತು ಧಣಿ ಎನ್ನುವ ಮಾತು ಬಿಜೆನ್‌ಳ ನಾಲಿಗೆಯ ತುದಿಗೇ ಬಂದಿತ್ತು. ಎಷ್ಟು ಮೆಟ್ಟಿಲ ಮೇಲೆ ಅದನ್ನು ಆಡಿದ್ದಳೋ. ಈ ಸಲ ಬಾಯಿ ಮುಚ್ಚಿ, ಅನ್ನದ ಪಾತ್ರೆ ಎಳೆದುಕೊಂಡು ಬಂದಳು.

“ಹಾಕ್ಲಾ ಅಕ್ಕಾ?”

“ತಳದ್ದು ಹಾಕು. ಬಿಸಿ ಇರ್ತದೆ.”

ಎದುರು ಸಾಲಿನ ಕಟ್ಟೆಯ ನೆರಳಲ್ಲಿ ಕೂತಿದ್ದ, ಪಾರ್ಕಿನಲ್ಲಿ ಮಲಗುವವರು ಒಬ್ಬೊಬ್ಬರೇ ಎದ್ದರು. ಮುಂದೆ ಬಂದ ಕುಂಟ ಮುದುಕ ಆ ಕಪ್ಪು ನೀರಿನಲ್ಲೇ ಕೈ ಅದ್ದಿ ಬೋಗುಣಿಯನ್ನು ಹಿಂದಿನವನಿಗೆ ದಾಟಿಸಿದ.

“ಹುಚ್ರು ನುಗ್ಗವ್ರೆ ಸಾರ್, ಬ್ಯಾಗ ಬನ್ನಿ!” ಲಿಯಾವ್ ಫೋನಿನಲ್ಲಿ ಕಿರುಚುತ್ತಿದ್ದ.

ಬೀದಿಯ ತಿರುವಿನಲ್ಲಿ ಪೊಲೀಸರ ಗಾಡಿಯ ಸದ್ದಾಯಿತು. ಬೀದಿಗೆ ಬೀದಿಯೇ ಅತ್ತ ತಿರುಗಿತು. ಯುವೆಲಾನ್ ತಿರುಗಲಿಲ್ಲ. ಮೀನಿನ ಒಂದು ಮಗ್ಗುಲು ಮುಗಿದಿತ್ತು. ನಡುಮುಳ್ಳು ಎತ್ತಿಟ್ಟು, ಇನ್ನೊಂದು ಮಗ್ಗುಲಿಗೆ ಕೈ ಹಾಕಿದಳು.