ಗೊಂಬೆಯಿಲ್ಲದ ಪಾರ್ಕು

ಹಸ್ತೆ ಮಳೆ ಜಿನುಗಿ ನಿಂತಿದ್ದ ಒಂದು ಬೆಳಗ್ಗೆ, ಜೋಗುಪಾಳ್ಯದ ನಮ್ಮ ವಠಾರದ ಕೊಳಾಯಿಗೆ ನೀರು ಬರುವ ಹೊತ್ತಿನಲ್ಲಿ ಇದು ಶುರುವಾಯಿತು. ಯುದ್ಧದ ಕಾಲ. ಅಪ್ಪ ದಂಡಿನ ಸಿಪಾಯಿಗಳಿಗೆ ಬ್ರೆಡ್ಡು ಸುಡುವ ಬೇಕರಿಯಲ್ಲಿ ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಆ ಹೊತ್ತಿಗೆ ಮನೆ ಸೇರುತ್ತಿದ್ದ. ಅವತ್ತು ತಲೆಯ ಮೇಲೆ ಖಾಲಿ ಬಿಸ್ಕತ್ತು ಡಬ್ಬಗಳನ್ನು ಹೊತ್ತು ತಂದ. ದೊಡ್ಡ ತಗಡಿನ ಡಬ್ಬಗಳು. ಒಂದರ ಮೇಲೊಂದು ಇಳಿಸಿದಾಗ ಮೆಟ್ಟಿಲಿನ ಹಾಗೆ ಕಂಡವು. ನನಗೆ ಆಸೆ ಹುಟ್ಟಿದ್ದೇ ಅಲ್ಲಿ.

ದಸರೆಯಲ್ಲಿ ಸಂಜೆಯಾದರೆ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಹಲಸೂರಿನ ಬೀದಿಗಳನ್ನು ಸುತ್ತುತ್ತಿದ್ದೆವು. ತೆರೆದ ಬಾಗಿಲಿನ ಮುಂದೆ ನಿಂತು ‘ಗೊಂಬೆ ಕೂಡ್ಸಿದೀರಾ?’ ಎಂದು ಕೇಳುವುದು. ಕೂಡಿಸಿದ್ದರೆ ಒಳಗೆ ಹೋಗಿ ನೋಡಿ, ಕೈಗೆ ಬಿದ್ದ ಉಸಲಿ ತಿಂದು, ಮುಂದಿನ ಮನೆಗೆ ಓಡುವುದು. ನಮ್ಮ ಬಾಗಿಲಿಗೆ ಬಂದು ಯಾರೂ ಹಾಗೆ ಕೇಳುತ್ತಿರಲಿಲ್ಲ. ನಮ್ಮಲ್ಲಿ ಗೊಂಬೆಗಳಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಒಂದೇ ಒಂದು ಸಲ ಆ ಮಾತು ನಮ್ಮ ಹೊಸ್ತಿಲಲ್ಲೂ ಕೇಳಿಸಬೇಕು ಅನ್ನುವುದು ನನ್ನ ಆಸೆ. ನನಗಾಗ ಒಂಬತ್ತು ವರ್ಷ.

ದೊಡ್ಡ ಮನೆಗಳಲ್ಲಿ ಗೊಂಬೆಗಳ ಮುಂದೆ ಮಣ್ಣು ಹರಡಿ, ರಾಗಿ ಚೆಲ್ಲಿ, ಹಸಿರು ಪೈರು ಬರಿಸಿ ಪಾರ್ಕು ಮಾಡುತ್ತಿದ್ದರು. ಗೊಂಬೆ ಇಲ್ಲದಿದ್ದರೆ ಬರೀ ಪಾರ್ಕೇ ಮಾಡೋಣ ಅಂದಳು ಪಕ್ಕದ ಮನೆಯ ಶಕೀಲಾ. ಅವಳು ನನ್ನ ಜೊತೆಗಾತಿ, ಇಮಾಮ್ ಬೀಯ ಮಗಳು. ಡಬ್ಬಗಳನ್ನು ಜೋಡಿಸಿ ಮಣ್ಣು ಹಾಕಿದೆವು. ಅಪ್ಪನ ಒಡೆದ ಕನ್ನಡಿ ಹಲಸೂರು ಕೆರೆಯಾಯಿತು. ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿದ್ದು ಕೃಷ್ಣರಾಜಪುರಕ್ಕೆ ಹೋಗುವ ರೈಲು. ನಾಲ್ಕು ವರ್ಷದ ನನ್ನ ತಮ್ಮ ಮುನಿಶಾಮಿ ಅದರ ಸ್ಟೇಷನ್ ಮಾಸ್ಟರು. ಅವನು ಪೀಪಿ ಊದದೆ ರೈಲು ಅಲುಗುವ ಹಾಗಿರಲಿಲ್ಲ.

ತಡೆಯಲಾರದೆ ನಾನು ಬೀದಿಯ ಮಕ್ಕಳಿಗೆಲ್ಲ ಸಪ್ತಮಿಯ ಸಂಜೆ ನಮ್ಮ ಮನೆಗೆ ಬರಬೇಕೆಂದು ಹೇಳಿಬಿಟ್ಟೆ. ಮೊದಲಿಯಾರ್ ಮನೆಯ ಆಂಡಾಳು ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಅವರ ಮನೆಯಲ್ಲಿ ಗೋಡೆಯುದ್ದ ಗೊಂಬೆಗಳು.

“ಏನ್ಡೀ ಆಂಜನಮ್ಮ, ಗೊಂಬೆ ಇಲ್ದೆ ಗೊಂಬೆ ಹಬ್ಬವಾ? ಮೆಟ್ಲ ಮೇಲೆ ಯಾರ್ನ ಕೂಡಿಸ್ತೀಯಾ, ನಿನ್ ತಮ್ಮನ್ನಾ?”

ಹಬ್ಬಕ್ಕೆಂದು ಮಾರತ್ತಹಳ್ಳಿಯಿಂದ ಅಜ್ಜಿ ದೊಡ್ಡಮುನಿಯಮ್ಮ ಬಂದಿದ್ದಳು, ಒಂದು ಚೀಲ ರಾಗಿಯ ಜೊತೆ. ಆಗ ಮಾರತ್ತಹಳ್ಳಿ ಅಂದರೆ ಹೊಲ, ಕೆರೆ, ನಾಲ್ಕಾರು ಮನೆ. ಕೇಳಿದ್ದೇ ತಡ, ಅಜ್ಜಿ ಬೊಗಸೆ ತುಂಬ ರಾಗಿ ಕೊಟ್ಟು, ನಮ್ಮ ಹೊಲದ ರಾಗಿ ಬಂಡೆಯ ಮೇಲೆ ಚೆಲ್ಲಿದರೂ ಬರುತ್ತದೆ ಅಂದಳು. ನೆನೆಹಾಕಿ ಚೆಲ್ಲಿದೆವು, ನೀರು ಚಿಮುಕಿಸಿದೆವು, ಒದ್ದೆ ಗೋಣಿ ಹೊದಿಸಿದೆವು. ದಿನಾ ಬೆಳಗ್ಗೆ ಗೋಣಿ ಎತ್ತಿ ನೋಡುವುದು. ಮಣ್ಣು ಮಣ್ಣಾಗಿಯೇ ಇತ್ತು. ಪಂಚಮಿಯ ಹೊತ್ತಿಗೆ ಹುಳಿ ವಾಸನೆ ಬಂತು.

ಅಜ್ಜಿ ಸೋಲಲಿಲ್ಲ. ತಪ್ಪೆಲ್ಲ ಕೊಳಾಯಿ ನೀರಿನದು, ಕಬ್ಬಿಣದ ಕೊಳವೆಯಲ್ಲಿ ಹರಿದು ಬಂದ ನೀರಿಗೆ ಜೀವವೇ ಇರುವುದಿಲ್ಲ, ಇದನ್ನು ಕುಡಿದೇ ನೀವೆಲ್ಲ ಹೀಗೆ ಸಣಕಲಾಗಿರುವುದು ಎಂದು ವಠಾರಕ್ಕೆಲ್ಲ ಕೇಳುವ ಹಾಗೆ ಹೇಳಿದಳು. ನಾನು ಮೂಲೆ ಸೇರಿದೆ. ಆಂಡಾಳು ಬಂದು ಬರೀ ಕೆಸರು ನೋಡಿ ನಗುವುದು ಕಣ್ಣಿಗೆ ಕಟ್ಟಿತ್ತು. ಶಕೀಲಾ ಪಕ್ಕದಲ್ಲಿ ಬಂದು ಕೂತಳು.

ಷಷ್ಠಿಯ ಬೆಳಗ್ಗೆ ಅಮ್ಮ ಹಬ್ಬಕ್ಕೆ ಅಂಗಳ ಚೊಕ್ಕ ಮಾಡಲು ಸಲಿಕೆ ಹಿಡಿದು ಕೊಳಾಯಿಯ ಕಡೆ ಹೋದಳು. ಇಮಾಮ್ ಬೀ ದಿನಾ ಹಕ್ಕಿಯ ಪಂಜರ ತೊಳೆಯುತ್ತಿದ್ದದ್ದು ಅಲ್ಲೇ. ಅವಳ ಗಂಡ ಬ್ಲಾಕ್‌ಪಳ್ಳಿ ಅನ್ನುತ್ತಿದ್ದ ಈಗಿನ ಶಿವಾಜಿನಗರದಿಂದ ಒಂದು ಜೊತೆ ಮುನಿಯಾ ಹಕ್ಕಿ ತಂದಿದ್ದ. ಬೆರಳುದ್ದ, ಕೆಂಪು ಮೈ, ಮೇಲೆ ಬಿಳಿ ಚುಕ್ಕಿ. ಕೊಳಾಯಿಯ ಪಕ್ಕ ಬೆಳೆದಿದ್ದ ಕಳೆಯಿಂದ ಕಾಲು ಜಾರುತ್ತದೆಂದು ಅಮ್ಮ ಯಾವಾಗಲೂ ಗೊಣಗುತ್ತಿದ್ದಳು. ಇವತ್ತು ಅದನ್ನು ಕೆರೆದು ಹಾಕುವವಳೇ, ಸಲಿಕೆ ಎತ್ತಿದಳು. ಬಾಯಿ ಮುಕ್ಕಳಿಸಲು ಬಂದ ಅಜ್ಜಿ ಆ ಕೈ ಹಿಡಿದಳು. ಬಗ್ಗಿ ಒಂದು ಎಳೆ ಕಿತ್ತು, ಬೇರಿಗೆ ಅಂಟಿದ್ದ ಸಿಪ್ಪೆಯನ್ನು ಉಗುರಿನಲ್ಲಿ ಬಿಡಿಸಿ ನೋಡಿದಳು.

“ಗೋವಿಂದಿ, ಇದು ಕಳೆ ಅಲ್ಲ ಕಣೆ. ನವಣೆ ಪೈರು.”

ಹಕ್ಕಿಗಳು ಚೆಲ್ಲಿದ ಕಾಳು, ಪಂಜರ ತೊಳೆದ ನೀರಲ್ಲಿ ಹರಿದು ಬಂದು, ಬೆರಳುದ್ದ ಎದ್ದು ನಿಂತಿತ್ತು. ಒತ್ತಾಗಿ, ಎಳೆ ಹಸಿರಾಗಿ. ಅದೇ ಕೊಳಾಯಿ ನೀರಲ್ಲಿ.

ಅಜ್ಜಿ ಒಮ್ಮೆ ಕೊಳಾಯಿಯನ್ನು, ಒಮ್ಮೆ ಪೈರನ್ನು ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಲ್ಲಿ ನಗತೊಡಗಿದಳು. ಅವಳು ತಂದದ್ದು ಹಗೇವಿನ ರಾಗಿ. ನೆಲದ ಗುಂಡಿಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ರಾಗಿ ಮುದ್ದೆಗೆ ಆಗುತ್ತದೆ, ಆದರೆ ಗುಂಡಿಯ ಕಾವಿಗೆ ಅದರ ಮೊಳೆಯುವ ಶಕ್ತಿ ಹೋಗಿರುತ್ತದೆ. ಬಿತ್ತನೆಯ ರಾಗಿಯನ್ನು ಬೇರೆಯೇ ಇಡುವುದು.

“ಅರವತ್ತು ವರ್ಷ ಬಿತ್ತಿದೀನಿ. ಇದು ಮಕ್ಕಳಾಟ ಅಂತ ಯೋಚ್ನೆನೇ ಮಾಡ್ನಿಲ್ಲ ನೋಡು. ಪಾಪ, ನೀರ್ನ ಬೈದ್ಬಿಟ್ಟೆ.”

ಅಷ್ಟರಲ್ಲಿ ಇಮಾಮ್ ಬೀ ಹೊರಗೆ ಬಂದಳು. ಆ ಪೈರು ಪಾರ್ಕಿಗೆ ಬೇಕೆಂದು ತಿಳಿದು ಸಂಕೋಚಪಟ್ಟಳು.

“ಅಯ್ಯೋ, ಅದು ಹಕ್ಕಿ ಎಂಜಲು ಅಮ್ಮಾ. ನಿಮ್ಮ ಹಬ್ಬಕ್ಕೆ ಆಗ್ತದಾ?”

“ಹೊಲದಾಗೆ ಮೊದಲ್ನೇ ಪಾಲು ಹಕ್ಕೀದೇ ಕಣವ್ವ,” ಅಂದಳು ಅಜ್ಜಿ. “ಅದ್ರ ಎಂಜಲೇ ನಾವು ಉಣ್ಣೋದು.”

ಇಮಾಮ್ ಬೀ ತಾನೇ ಮೊರ ತಂದಳು. ಬೇರು ಅಲುಗದ ಹಾಗೆ ಮಣ್ಣಿನ ಸಮೇತ ಕೊಯ್ದು, ರೊಟ್ಟಿ ಎತ್ತಿದ ಹಾಗೆ ಎತ್ತಿ, ಡಬ್ಬಗಳ ಮೇಲೆ ಕೂರಿಸಿದೆವು. ಕೆರೆಯ ಸುತ್ತ ಹಸಿರಾಯಿತು. ರೈಲು ಪೈರಿನ ನಡುವೆ ಹಾದುಹೋಯಿತು. ಸಪ್ತಮಿಯ ಸಂಜೆ ಶಕೀಲಾ ಪಂಜರವನ್ನೇ ಎತ್ತಿಕೊಂಡು ಬಂದು ಮೇಲಿನ ಡಬ್ಬದ ಮೇಲೆ ಇಟ್ಟಳು. ದೀಪದ ಬೆಳಕಿಗೆ ಎರಡೂ ಹಕ್ಕಿಗಳು ಚಿಲಿಚಿಲಿ ಅಂದವು. ಕನ್ನಡಿಯ ಕೆರೆಯಲ್ಲೂ ಎರಡು ಹಕ್ಕಿ.

ಮೊದಲು ಬಂದ ಮಕ್ಕಳು ಹೊರಗೆ ಹೋಗಿ ಸುದ್ದಿ ಹೇಳಿದರು, ಮತ್ತಷ್ಟು ಮಕ್ಕಳು ಬಂದರು. ಅಪ್ಪ ಬೇಕರಿಯಿಂದ ಮುರುಕು ರಸ್ಕು ತಂದಿದ್ದ. ಸಕ್ಕರೆ ಸಿಗದ ಆ ದಿನಗಳಲ್ಲಿ ಅದೇ ಹಬ್ಬ. ಕೊನೆಗೆ ಬಾಗಿಲಲ್ಲಿ ಆಂಡಾಳು ನಿಂತಳು. ನೆಲ ನೋಡುತ್ತಾ ಕೇಳಿದಳು.

“ಗೊಂಬೆ ಕೂಡ್ಸಿದೀರಾ?”

ನಾನು ಬಾಯಿ ತೆರೆಯುವ ಮುಂಚೆ ಅಜ್ಜಿಯೇ ಉತ್ತರ ಕೊಟ್ಟಳು.

“ಕೂಡ್ಸಿದೀವಿ ಕಣವ್ವ. ನಿಮ್ಮನೇವು ಕೂತಿರ್ತವೆ, ನಮ್ಮವು ಒಂದ್ಕಡೆ ಕೂರಲ್ಲ. ಬಾ ಒಳಕ್ಕೆ.”

ಆಂಡಾಳು ರಸ್ಕು ತಿನ್ನುವುದನ್ನೂ ಮರೆತು ಹಕ್ಕಿ ನೋಡಿದಳು. ಹೋಗುವಾಗ ನಾಳೆಯೂ ಬರಬಹುದಾ ಎಂದು ನನ್ನನ್ನೇ ಕೇಳಿದಳು. ಬಂದಳು ಕೂಡ, ತಮ್ಮ ಮನೆಯ ಕಡಲೆ ಉಸಲಿ ಕಟ್ಟಿಕೊಂಡು.

ವಿಜಯದಶಮಿ ಗುರುವಾರ ಬಂತು. ಅವತ್ತು ಸಂಜೆ ಒಂದು ಗೊಂಬೆಯನ್ನು ಮಲಗಿಸಿದರೆ ಹಬ್ಬ ಮುಗಿದ ಹಾಗೆ. ನಮ್ಮಲ್ಲಿ ಯಾರನ್ನು ಮಲಗಿಸುವುದು? ಹಕ್ಕಿಗಳು ಮಲಗಲೊಲ್ಲವು. ಹುಡುಕಿದರೆ ಸ್ಟೇಷನ್ ಮಾಸ್ಟರು ಪೀಪಿ ಕಚ್ಚಿಕೊಂಡೇ ಕೆಳಗಿನ ಡಬ್ಬಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದ. ಅಜ್ಜಿ ಸೆರಗು ಹೊದಿಸಿದಳು. “ಗೊಂಬೆ ಮಲಗ್ತು,” ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಆಂಡಾಳು.

ಮಾರನೆಯ ದಿನ ಅಜ್ಜಿ ಗಂಟು ಕಟ್ಟಿದಳು. ಶುಕ್ರವಾರ ಹಿರಿಯರನ್ನು ಮನೆಯಿಂದ ಕಳಿಸಬಾರದು ಎಂದು ಅಮ್ಮ ತಡೆದಳು. ಶನಿವಾರ ಪೂರ್ವ ದಿಕ್ಕಿಗೆ ಶೂಲೆ, ಆ ಕಡೆ ಪ್ರಯಾಣ ಕೂಡದು, ಮಾರತ್ತಹಳ್ಳಿ ಇರುವುದೇ ಪೂರ್ವಕ್ಕೆ ಎಂದು ನಾನು ತಡೆದೆ. ಸೋಮವಾರವೂ ಶೂಲೆಯೇ, ಅದೂ ಕಳೆಯಲೆಂದು ಕೂತರೆ ಹೊಲದ ತೆನೆಯೆಲ್ಲ ಹಕ್ಕಿಗಳ ಪಾಲು ಅಂದಳು ಅಜ್ಜಿ. ಇಮಾಮ್ ಬೀ ಕೊಟ್ಟ ಒಂದು ಹಿಡಿ ನವಣೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹಲಸೂರು ಸಂತೆಯಿಂದ ಹಿಂದಿರುಗುವ ಗಾಡಿ ಹತ್ತಿ, ಭಾನುವಾರ ಅಜ್ಜಿ ಊರಿಗೆ ಹೋದಳು.