ಸರಪಳಿ ತೆಗೆಯುವ ದಿನ ಯಾವುದು?

ಅಂಜೂರ ಒಣಗಿಸಿ ಒಳಗಿಡುವ ಕಾಲ. ಬಿಸಿಲೇರಿ, ಮಂಜು ಕಣಿವೆಗೆ ಇಳಿದಿತ್ತು. ನಾನು ಚಾಪೆಯ ಮೇಲಿನ ಹಣ್ಣು ಮಗುಚಿ ಹಾಕುತ್ತಿದ್ದಾಗ ಮಸೀದಿಯ ಮೈಕಿನಲ್ಲಿ ಊರ ಮುಖ್ಯಸ್ಥ ಬೆಲಾಯಿದ್‌ನ ದನಿ ಕೇಳಿಸಿತು. ಈ ವರ್ಷವೂ ಊರ ಸಭೆ ಇಲ್ಲ, ಉಳುಮೆಗೆ ಮುಂಚಿನ ಮಾಂಸದ ಪಾಲೂ ಇಲ್ಲ, ದಾರಿಗೆ ಹಾಕಿದ ಸರಪಳಿ ಹಾಗೇ ಇರುತ್ತದೆ, ಮತ್ತೆ ಹೇಳುವ ತನಕ, ಎಂದ. ಯಾವಾಗ ಹೇಳುತ್ತೇನೆ ಎಂಬುದನ್ನು ಮಾತ್ರ ಹೇಳಲಿಲ್ಲ.

ರೋಗ ಬಂದು ಅದು ಎರಡನೆಯ ವರ್ಷ. ಮೊದಲ ವರ್ಷ ಊರ ಬಾಗಿಲಿಗೆ ಸರಪಳಿ ಕಟ್ಟಿದಾಗ ನಾವೆಲ್ಲ ಬೆಲಾಯಿದ್‌ನನ್ನು ಹೊಗಳಿದ್ದೆವು. ಪಕ್ಕದ ಬೆಟ್ಟದ ಊರುಗಳಲ್ಲಿ ಹೆಣ ಹೊರಲು ಜನ ಸಾಲದಾಗ ನಮ್ಮ ಊರಾದ ಐತ್ ಸೆಲ್ಲಾನ್‌ನಲ್ಲಿ ಹೋದವರು ಇಬ್ಬರೇ. ಅವರಲ್ಲಿ ಒಬ್ಬಳು ಬೆಲಾಯಿದ್‌ನ ಅಕ್ಕ ಫೆತ್ತಾ. ಆಮೇಲೆ ತಿಂಗಳುಗಳೇ ಕಳೆದವು. ಸಭೆ ಸೇರುವುದು ನಿಂತಿತು. ಬೆಲಾಯಿದ್ ಮತ್ತು ಇನ್ನು ನಾಲ್ಕು ಜನ ಫೋನಿನಲ್ಲೇ ಮಾತಾಡಿಕೊಂಡು ತೀರ್ಮಾನ ಮಾಡುತ್ತಿದ್ದರು, ಮೈಕು ಅದನ್ನು ಊರಿಗೆ ಹೇಳುತ್ತಿತ್ತು.

ನನ್ನ ಹೆಸರು ಶಾಬಾನ್; ನಮ್ಮಲ್ಲಿ ಹಿರಿಯರ ಹೆಸರಿಗೆ ಗಂಡಸಾದರೆ 'ದಾ', ಹೆಂಗಸಾದರೆ 'ನಾ' ಸೇರಿಸಿ ಕರೆಯುತ್ತಾರೆ, ಹಾಗಾಗಿ ಊರಿಗೆ ನಾನು ದಾ ಶಾಬಾನ್. ನಾನು ಶಾಲೆಗೆ ಹೋದದ್ದು ಎರಡೇ ಚಳಿಗಾಲ. ಆದರೆ ನಮ್ಮ ತೊಂಬತ್ತಾರು ಮನೆಗಳ ಹೆಸರುಗಳೂ ನನ್ನ ಬಾಯಲ್ಲಿವೆ. ಮಾಂಸದ ಪಾಲಿನ ದಿನ ಊರೆಲ್ಲ ಸೇರಿ ಎತ್ತು ಕೊಯ್ದು, ಹಸಿ ಸೊಪ್ಪಿನ ಮೇಲೆ ಪಾಲು ಗುಡ್ಡೆ ಹಾಕುತ್ತೇವೆ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಪಾಲು. ಬಡವನ ತಲೆಯೂ ಸಾಹುಕಾರನ ತಲೆಯೂ ಒಂದೇ. ನಲವತ್ತೊಂದು ವರ್ಷದಿಂದ ಹೆಸರು ಕೂಗುತ್ತಿರುವವನು ನಾನು. ಯಾರ ಹೆಸರು ಕೂಗುತ್ತೇವೋ ಅವರು ಈ ಊರಿನವರು.

ಅದೇ ಬೆಳಿಗ್ಗೆ ಮೇಲ್ಕೇರಿಯ ಅಕ್ಲಿ ನನ್ನ ಅಂಗಳಕ್ಕೆ ಬಂದ. ಬೆವರು ಒರೆಸಿಕೊಂಡು, ಒಂದು ಅಂಜೂರ ಎತ್ತಿ ಬಾಯಿಗೆ ಹಾಕಿಕೊಂಡ.

"ದಾ ಶಾಬಾನ್, ಈ ಶುಕ್ರವಾರ ಮೇಲ್ಕೇರಿಯೋರು ನಾವೇ ಎರಡು ಎತ್ತು ಕುಯ್ತಿದೀವಿ. ನಮ್ಮ ಮೂವತ್ತೊಂದು ಮನೆ ಹೆಸರು ನೀವೇ ಬಂದು ಕೂಗ್ಬೇಕು."

"ಮಿಕ್ಕ ಅರವತ್ತೈದು ಮನೆ?"

"ಅವರು ದಾ ಬೆಲಾಯಿದ್ ಮೈಕಲ್ಲಿ ಹೇಳಿದ್ದನ್ನ ತಿಂದ್ಕೊಂಡಿರಲಿ."

ಅದೇ ಶುಕ್ರವಾರ ತಮ್ಮ ಕೇರಿಗೆ ಬೇರೆ ಮುಖ್ಯಸ್ಥನನ್ನೂ ಆರಿಸುತ್ತಾರಂತೆ. ಲಸಿಕೆ ಹಾಕಿಸಿಕೊಂಡಿರಾ ಎಂದು ಕೇಳಿದೆ. ಆ ಮೈಕಲ್ಲಿ ಕೂಗಿದ ಸೂಜಿ ಬೇಡ ಎಂದು ತನ್ನ ತಾಯಿ ನಾ ತಾವೆಸ್ ಹಠ ಹಿಡಿದಿದ್ದಾಳೆ ಎಂದ. ಎಂಬತ್ತು ದಾಟಿದ ಮುದುಕಿ. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಹೇಳಿದ: "ರೋಗ ಅವರಿಗೆ ಕುರ್ಚಿ ಆಗೋಗಿದೆ. ರೋಗ ಹೋದ್ರೆ ಅವರು ಎದ್ದು ನಿಂತ್ಕೋಬೇಕಲ್ಲ."

ಹಣ್ಣಿನ ಕೆಲಸ ಅಲ್ಲಿಗೇ ಬಿಟ್ಟೆ. ಒಂದು ಸಲ ಹೆಸರು ಎರಡು ಕಡೆ ಕೂಗಿದರೆ ನಾಳೆ ಬುಗ್ಗೆಯ ನೀರು ಎರಡಾಗುತ್ತದೆ, ನಾಡಿದ್ದು ಗೋರಿಯ ಬಯಲು ಎರಡಾಗುತ್ತದೆ. ಶುಕ್ರವಾರಕ್ಕೆ ನಾಲ್ಕೇ ದಿನ ಉಳಿದಿತ್ತು.

ದವಾಖಾನೆಯ ನರ್ಸ್ ತಾಸಾದಿತ್ ಹತ್ತಿರ ಹೋದೆ. ಕೆಳಕೇರಿಯ ಮುದುಕರೆಲ್ಲ ಲಸಿಕೆ ಹಾಕಿಸಿಕೊಂಡಿದ್ದಾರೆ, ಮೇಲ್ಕೇರಿಯಿಂದ ಬಂದವರು ನಾಲ್ಕೇ ಜನ ಎಂದಳು.

"ಅವರು ಸೂಜಿಗೆ ಹೆದರ್ತಿಲ್ಲ ದಾ ಶಾಬಾನ್, ದಾ ಬೆಲಾಯಿದ್ ಮೇಲೆ ಮುನಿಸ್ಕೊಂಡಿದಾರೆ. ಮುನಿಸಿಗೆ ನನ್ನ ಹತ್ರ ಔಷಧಿ ಇಲ್ಲ."

ಇಬ್ಬರೂ ಬೆಲಾಯಿದ್‌ನ ಮನೆಗೆ ಹೋದೆವು. ಅಂಗಳದಲ್ಲಿ ದೂರ ದೂರ ಮೂರು ಪೀಠ ಹಾಕಿಸಿದ. ಸರಪಳಿಯ ಬೀಗದ ಕೈ ಅವನ ಕೊರಳಲ್ಲೇ ಇತ್ತು. ಮೇಲ್ಕೇರಿಯ ಸುದ್ದಿ ಹೇಳಿದೆ. ಕೋಪ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅವನ ಮುಖ ಇಳಿದುಹೋಯಿತು.

"ಫೆತ್ತಕ್ಕನ ಮಣ್ಣಿಗಿಡೋವಾಗ ನಾವು ನಾಲ್ಕೇ ಜನ ಇದ್ವಿ. ನೀವೂ ಬೇಲಿ ಆಚೆ ನಿಂತಿದ್ರಿ, ದಾ ಶಾಬಾನ್. ನಾಳೆ ನಾನು ಸರಪಳಿ ತೆಗೆದು ಇನ್ನೊಬ್ರು ಹೋದ್ರೆ ಯಾರು ಜವಾಬು ಹೇಳ್ತಾರೆ?"

ಅಷ್ಟು ದಿನ ಅವನು ಕುರ್ಚಿಗಾಗಿ ಕೂತಿರಲಿಲ್ಲ, ಹೆದರಿ ಕೂತಿದ್ದ. ಅದು ನನಗೂ ಅಂದೇ ತಿಳಿದದ್ದು.

ತಾಸಾದಿತ್ ಮೆಲ್ಲಗೆ ಹೇಳಿದಳು: "ಮೊದಲ ವರ್ಷ ನೀವು ಮಾಡಿದ್ದು ಸರಿ ದಾ. ಆಗ ನಮ್ಮ ಕೈಯಲ್ಲಿ ಬೇರೇನೂ ಇರ್ಲಿಲ್ಲ. ಈಗ ಲಸಿಕೆ ಇದೆ. ಬಯಲಲ್ಲಿ ದೂರ ದೂರ ಕೂತ್ರೆ ಅಪಾಯ ಕಡಿಮೆ ಅಂತ ಗೊತ್ತಾಗಿದೆ. ಅಪಾಯ ಇಲ್ವೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಹೊಣೆಯೆಲ್ಲ ನಾನೊಬ್ನೇ ಹೊರ್ತೀನಿ ಅಂತ ನೀವು ಕೂತ್ರೆ, ನಿಜವಾಗ್ಲೂ ಮುಚ್ಚಬೇಕಾದ ದಿನ ಬಂದಾಗ ನಿಮ್ಮ ಮಾತು ಕೇಳೋರು ಯಾರೂ ಉಳಿದಿರಲ್ಲ."

ನನಗೆ ಹತ್ತು ವರ್ಷವಿದ್ದಾಗ ಯುದ್ಧ ನಡೆಯುತ್ತಿತ್ತು. ಸಂಜೆಯಾದ ಮೇಲೆ ಯಾರೂ ಹೊರಗೆ ಬರಬಾರದು, ಕೆಲವೇ ದಿನ, ಎಂದಿದ್ದರು ಸಿಪಾಯಿಗಳು. ಆ ಕೆಲವು ದಿನ ಐದು ವರ್ಷವಾಯಿತು. ಬೆಲಾಯಿದ್ ಆಗ ಹುಟ್ಟಿರಲಿಲ್ಲ; ಅವನಿಗೆ ಅದನ್ನು ಹೇಳಿದೆ. ಆ ಸಿಪಾಯಿಗಳು ಹೊರಗಿನವರು, ನೀನು ನಮ್ಮವನು, ಒಳ್ಳೆಯ ಮನಸ್ಸಿನಿಂದ ಮಾಡಿದವನು, ಎಂದೂ ಹೇಳಿದೆ.

"ಆಗ ನಾವು ಕೇಳ್ತಿದ್ದಿದ್ದು ಒಂದೇ ಮಾತು, ಎಲ್ಲೀ ತನಕ ಅಂತ. ಮೇಲ್ಕೇರಿಯೋರು ಈಗ ಕೇಳ್ತಿರೋದೂ ಅದೇನೇ."

ಮುಂದಿಟ್ಟಿದ್ದ ಕಾಫಿ ಆರಿಹೋಯಿತು. ಅವನು ಕೊರಳಲ್ಲಿದ್ದ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದ. ಆಮೇಲೆ ತಾಸಾದಿತ್ ಕಡೆ ತಿರುಗಿ, "ಒಕ್ಕಣೆ ಕಣದಲ್ಲಿ ತೊಂಬತ್ತಾರು ಜನ ದೂರ ದೂರ ಹಿಡಿಸ್ತಾರಾ?" ಎಂದು ಕೇಳಿದ.

ಹಿಡಿಸಿದರು. ಗುರುವಾರ ಬೆಳಿಗ್ಗೆ ನಾನೇ ಎರಡೆರಡು ಮಾರು ಬಿಟ್ಟು ಕಲ್ಲು ಇಟ್ಟೆ. ಮನೆಗೊಬ್ಬರು ಬಂದು, ಬಾಯಿ ಮೂಗು ಮುಚ್ಚಿಕೊಂಡು ಕೂತರು. ಬೆಲಾಯಿದ್ ಮೈಕಿಲ್ಲದೆ ಮಾತಾಡಿದ. ದಾರಿ ಏಕೆ ಮುಚ್ಚಿದೆ ಎಂದು ಹೇಳಿದ. ಇಷ್ಟು ದಿನ ನಿಮ್ಮನ್ನು ಕೂರಿಸಿ ಕೇಳದೆ ಹೋದದ್ದು ತಪ್ಪು ಎಂದೂ ಹೇಳಿದ. ಇನ್ನು ಪ್ರತಿ ಶುಕ್ರವಾರ ಕಾಯಿಲೆ ಬಿದ್ದವರೆಷ್ಟು ಎಂದು ತಾಸಾದಿತ್ ಇದೇ ಕಣದಲ್ಲಿ ಹೇಳುತ್ತಾಳೆ, ಹೆಚ್ಚಾದರೆ ಏನು ಮಾಡಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸೋಣ ಎಂದ.

ಅಕ್ಲಿ ಕೂತಲ್ಲಿಂದಲೇ, "ಸರಪಳಿ ತೆಗೆಯೋ ದಿನ ಯಾವ್ದು ಅಂತ ಹೇಳಿ," ಎಂದ.

"ಆಲಿವ್ ಕೊಯ್ಲು ಮುಗಿದ ಮೇಲೆ ಬರೋ ಮೊದಲನೇ ಶುಕ್ರವಾರ. ಅವತ್ತು ಸರಪಳಿ ಇರ್ಬೇಕೋ ಬೇಡ್ವೋ ನೀವೇ ಕೈ ಎತ್ತಿ ಹೇಳಿ. ನನ್ನ ಯಜಮಾನಿಕೆಯೂ ಅವತ್ತಿಗೆ ಮುಗೀತು."

ಅಕ್ಲಿ ನೆಲ ನೋಡಿದ, ಬೆಟ್ಟ ನೋಡಿದ. ಕೊನೆಗೆ, "ಹಂಗಾದ್ರೆ ನಮ್ಮ ಎತ್ತುಗಳನ್ನ ಮೇಲಿಂದ ಇಲ್ಲಿಗೆ ಇಳಿಸೋಕೆ ನಾಲ್ಕು ಜನ ಬೇಕಾಗುತ್ತೆ," ಎಂದ.

ಶುಕ್ರವಾರ ತೊಂಬತ್ತಾರು ಹೆಸರನ್ನೂ ನಾನು ಒಂದೇ ಕಡೆ ಕೂಗಿದೆ. ಒಬ್ಬರು ಬಂದು ಪಾಲು ಎತ್ತಿಕೊಂಡು ಹೋದ ಮೇಲೆ ಮುಂದಿನ ಹೆಸರು. ಒಂಟಿಯಾಗಿದ್ದ ಫೆತ್ತಾಳ ಹೆಸರೂ ಅಭ್ಯಾಸದಿಂದ ಬಾಯಿಗೆ ಬಂದುಬಿಟ್ಟಿತು. ಯಾರೂ ತಪ್ಪೆನ್ನಲಿಲ್ಲ. ಬೆಲಾಯಿದ್ ಎದ್ದು, ತನ್ನ ಪಾಲಿನಿಂದ ಒಂದು ತುಂಡು ತೆಗೆದು ಅಕ್ಕನ ಹೆಸರಿನಲ್ಲಿ ನಾ ತಾವೆಸ್‌ಳ ಬುಟ್ಟಿಗೆ ಹಾಕಿದ. ಮುದುಕಿ ಅವನ ಮುಖ ನೋಡಿದಳು. ಬುಟ್ಟಿಯನ್ನು ಮಗನ ಕೈಗೆ ಕೊಟ್ಟು, ಕೋಲೂರಿಕೊಂಡು, ಕಣದಂಚಿನಲ್ಲಿ ಲಸಿಕೆ ಹಾಕಲು ಕೂತಿದ್ದ ತಾಸಾದಿತ್‌ಳ ಮೇಜಿನ ಹತ್ತಿರ ಹೋಗಿ, "ಯಾವ ತೋಳಿಗೆ ಹಾಕ್ತೀಯಮ್ಮ?" ಎಂದು ಕೇಳಿದಳು. ಅವಳ ಹಿಂದೆ ಮೇಲ್ಕೇರಿಯ ಹಿರಿಯರು ಒಬ್ಬೊಬ್ಬರೇ ಬಂದು ನಿಂತರು.

ಇದನ್ನು ಓದುವ, ಓದಿಸಿ ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ರೋಗ ಬಂದಾಗ ಎಚ್ಚರ ಬೇಕು. ಮುಚ್ಚಬೇಕಾದ್ದನ್ನು ಮುಚ್ಚಿ. ಆದರೆ ಮುಚ್ಚುವವರು ಕಾರಣ ಹೇಳಲಿ, ದಿನ ಹೇಳಲಿ, ಆ ದಿನ ಬಂದಾಗ ನಿಮ್ಮೆದುರು ಬಂದು ನಿಲ್ಲಲಿ. ಹೇಳದಿದ್ದರೆ ನೀವು ಕೇಳಿ, ಬಯ್ಯದೆ ಕೇಳಿ. ಅವರ ಮೇಲಿನ ಸಿಟ್ಟನ್ನು ಲಸಿಕೆಯ ಮೇಲೆ ತೀರಿಸಬೇಡಿ. ನೀವೇ ಮುಂದಾಳಾಗಿದ್ದರೆ ಜನರನ್ನು ಕೂರಿಸಿ ಮಾತಾಡಿ. ನಿಮ್ಮ ಎದೆಯ ಹೆದರಿಕೆ ಅವರಿಗೂ ತಿಳಿಯಲಿ.

ಆಲಿವ್ ಕೊಯ್ಲು ಮುಗಿಯಿತು. ಕಣದಲ್ಲಿ ಕೈ ಎತ್ತಿದರು, ಸರಪಳಿ ಬಿಚ್ಚಿದರು. ಇನ್ನೊಂದು ವರ್ಷ ನೀವೇ ಇರಿ ಎಂದು ಬೆಲಾಯಿದ್‌ನನ್ನು ಎರಡು ಸಲ ಕೇಳಿದರು, ಮೊದಲು ಕೇಳಿದವನು ಅಕ್ಲಿ. ಹೇಳಿದ ದಿನ ಇವತ್ತೇ ಎಂದು, ಮುಂದಿನವರನ್ನು ಆರಿಸುವ ತನಕ ಇಟ್ಟುಕೊಳ್ಳಿ ಎಂದು, ಅವನು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟ. ಮಳೆ ಬಿಟ್ಟಿದ್ದ ಆ ಶುಕ್ರವಾರ, ಮಧ್ಯಾಹ್ನದ ನಮಾಜಿಗೆ ಮುಂಚೆ, ಬೆಲಾಯಿದ್ ಕಣದಲ್ಲಿ ಮುಖ್ಯಸ್ಥ ಕೂರುವ ಕಲ್ಲಿನಿಂದ ಎದ್ದು ಮನೆಗೆ ಹೋದ.