ಬಾಗಿಲ ಹೊರಗಿಟ್ಟ ಕಬ್ಬಿಣದ ಬೂಟು

ಕೊರಿಯಾದ ಬೂಸಾನಿನ ಗೇಮ್ ಅಂಗಡಿಯಲ್ಲಿ, ರಾತ್ರಿಯಾದರೆ ರಾಕ್ಷಸ ಬರುವ ಕಂಪ್ಯೂಟರ್ ಆಟಕ್ಕೆ ನಾನು ಕೂತ ಮೊದಲ ದಿನ. ಆಟದೊಳಗೆ ಕತ್ತಲಾಗುವಷ್ಟರಲ್ಲಿ ಗುಡಿಸಲು ಕಟ್ಟಿಕೊಂಡಿದ್ದೆ. ಉಳಿದಿದ್ದು ಒಂದೇ ಜೀವ. ಸತ್ತರೆ ಮೂರು ಗಂಟೆ ಅಗೆದ ಕಬ್ಬಿಣವೆಲ್ಲ ಮಣ್ಣುಪಾಲು.

"ಬಾಗಿಲು ಹಾಕು, ಪಂಜು ಹಚ್ಚು, ಕವಚ ಬಿಚ್ಬೇಡ," ಎಂದು ಹೊಸಬಳಾದ ನನಗೆ ಹೇಳಿಕೊಡುತ್ತಿದ್ದ ತಂಗಿ ಗ್ವಿರ್ಯೆ ಪಕ್ಕದ ಕುರ್ಚಿಯಿಂದ ನನ್ನ ಪರದೆ ನೋಡಿ ಮಾತು ನಿಲ್ಲಿಸಿದಳು. "ಅಕ್ಕಾ, ನಿನ್ನ ಕಬ್ಬಿಣದ ಬೂಟೆಲ್ಲಿ?"

"ಹೊರಗೆ ಬಿಟ್ಟೆ ಕಣೇ. ಮನೆಯೊಳಗೆ ಯಾರಾದ್ರೂ ಬೂಟು ಹಾಕ್ಕೊಂಡು ಬರ್ತಾರಾ?"

"ತವರುಮನೆ ಅಂದ್ಕೊಂಡ್ಯಾ? ರಾಕ್ಷಸ ಬರ್ತಿದಾನೆ, ಅಲ್ಲಾಡ್ಬೇಡ."

ಅವನ ಹೆಜ್ಜೆಯ ಸದ್ದಿಗೆ ಸ್ಪೀಕರ್ ಅದುರಿ, ಮೇಜಿನ ಮೇಲಿದ್ದ ನನ್ನ ರಾಮ್ಯನ್ ನೂಡಲ್ಸಿನ ಸಾರು ತುಳುಕಿತು. ಗುಡಿಸಲ ಬಾಗಿಲ ಮುಂದೆ ಹೆಜ್ಜೆ ನಿಂತಿತು. ಕಿಟಕಿಯಿಂದ ಇಣುಕಿದೆ. ರಾಕ್ಷಸ ಕುಕ್ಕರುಗಾಲಲ್ಲಿ ಕೂತು ನನ್ನ ಬೂಟು ಮೆಟ್ಟಿಕೊಂಡ, ಎರಡು ಹೆಜ್ಜೆ ಕುಣಿದ, ಬಾಗಿಲು ಮುಟ್ಟದೆ ಬಂದ ದಾರಿಯಲ್ಲೇ ಹೊರಟುಹೋದ.

"ಹೊಸಬರಿಗೆ ಹೇಳೋ ಬುದ್ಧಿಮಾತಲ್ಲಿ ಇದನ್ನೂ ಸೇರಿಸ್ಕೊಳ್ಳೇ," ಅಂದೆ.